ಹುಲ್ಲು ಯಾರದು?

ಸಿಂಧನೂರಿನ ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಹುಲ್ಲಿಗೆ ಬೆಂಕಿ ಬೀಳುತ್ತದೆ. ಪಕ್ಕದ ಮಸ್ಕಿ, ಲಿಂಗಸುಗೂರು ಕಡೆಯ ಖುಷ್ಕಿ ಊರುಗಳಲ್ಲಿ ಬೇಸಿಗೆ ಬಂತೆಂದರೆ ನಮ್ಮ ಕೇರಿಯ ಎಮ್ಮೆ, ಆಡುಗಳಿಗೆ ಮೇವಿಲ್ಲ. ಮೇವಿಲ್ಲದ ದನ ಸಂತೆಗೆ ಹೋಗುತ್ತದೆ. ಅಲ್ಲಿ ಕೊಳ್ಳುವವನು ಹೇಳಿದ್ದೇ ರೇಟು. ಒಂದು ಕಡೆ ಉರಿಯುವ ಹುಲ್ಲು, ಇನ್ನೊಂದು ಕಡೆ ಹಸಿದ ದನ. ಇದಕ್ಕೆ ಮಳೆರಾಯನನ್ನು ಬೈದು ಏನು ಬಂತು? ನೆಲ ಯಾರ ಕೈಯಲ್ಲಿದೆ, ಅದನ್ನು ಕೇಳಬೇಕು.

ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನಲ್ಲಿ ಜೋಳ ಹಿಂದೆ ಸರಿದು ಭತ್ತ ಬಂತು. ಜೋಳದ ಜೊತೆಗೆ ಕಣಿಕಿಯೂ ಹೋಯಿತು. ಕೈಯಿಂದ ಕೊಯ್ಯುವ ಕಾಲದಲ್ಲಿ ಕೂಲಿಗೆ ಹೋದ ಹೆಣ್ಣುಮಗಳು ಸಂಜೆಗೆ ಒಂದು ಹೊರೆ ಹುಲ್ಲಾದರೂ ತರುತ್ತಿದ್ದಳು. ಈಗ ಮೆಷಿನ್ ಕೊಯ್ಯುತ್ತದೆ. ಕೂಲಿಯೂ ಹೋಯಿತು, ಹೊರೆಯೂ ಹೋಯಿತು. ಬದುವಿನಲ್ಲಿ ಒಂದು ಹಿಡಿ ಹುಲ್ಲು ಕೊಯ್ದರೆ 'ಯಾರನ್ನ ಕೇಳಿ ಕೊಯ್ದಿ?' ಅಂತ ಬೈಗುಳ. ಗೌಡರ ದನ ಕಾಯ್ದವರು ನಾವು, ಅವರ ಬಣವಿ ಒಟ್ಟಿದವರು ನಾವು, ದನ ಸತ್ತರೆ ಹೊತ್ತು ಹಾಕಿದವರೂ ನಾವು. ನಮ್ಮ ಎಮ್ಮೆಗೆ ಮಾತ್ರ ಹುಲ್ಲಿಲ್ಲ!

ಹೊಲವಿಲ್ಲದವರ ದನ ಎಲ್ಲಿ ಮೇಯಬೇಕು? ಕಾನೂನು ಇದಕ್ಕೆ ಉತ್ತರ ಹೇಳಿದೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 71ನೇ ಕಲಮಿನ ಪ್ರಕಾರ ಊರ ದನ ಪುಕ್ಕಟೆ ಮೇಯಲು ಸರ್ಕಾರಿ ಜಮೀನು ತೆಗೆದಿಡಬಹುದು. 1966ರ ನಿಯಮಗಳಲ್ಲಿ 97ನೆಯದು ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಎಂದು ಲೆಕ್ಕವನ್ನೂ ಕೊಟ್ಟಿದೆ. ಗೋಮಾಳ ಅನ್ನಿ, ಗಾಯರಾಣ ಅನ್ನಿ, ಅದು ಇದೇ. ಕಾಗದದ ಈ ನೆಲ ಊರಲ್ಲಿ ಎಲ್ಲಿದೆ? ಒಂದಿಷ್ಟನ್ನು ದೊಡ್ಡ ಹೊಲದವರ ನೇಗಿಲು ನುಂಗಿದೆ. ಉಳಿದದ್ದರಲ್ಲಿ ಬಳ್ಳಾರಿ ಜಾಲಿ ಬೆಳೆದಿದೆ.

ಇಲ್ಲೊಂದು ಮೋಸದ ಮಾತಿದೆ, ಎಚ್ಚರ. ನಮ್ಮವರು ಎರಡೆಕರೆ ಗಾಯರಾಣ ಉತ್ತು ನಮೂನೆ 50, 53, 57 ಅಂತ ಅರ್ಜಿ ಹಿಡಿದು ಅಲೆದರೆ 'ದನಕ್ಕೆ ಜಾಗ ಎಲ್ಲಿ?' ಎಂದು ದೊಡ್ಡವರು ಕೇಳುತ್ತಾರೆ. ತಾವೇ ಹತ್ತಾರು ಎಕರೆ ಒತ್ತುವಾಗ ಅವರಿಗೆ ದನದ ನೆನಪಾಗುವುದಿಲ್ಲ. 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಊರೊಟ್ಟಿನ ಜಮೀನಿನ ಒತ್ತುವರಿ ಬಿಡಿಸಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ಸರ್ಕಾರದ ಅಧಿಸೂಚನೆಯಂತೆ ಭೂಹೀನ ಕೂಲಿಗಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಗುತ್ತಿಗೆ ಕೊಟ್ಟಿದ್ದರೆ ಅದನ್ನು ಬೇರೆಯಾಗಿ ನೋಡಬಹುದು ಎಂದೂ ಅದೇ ತೀರ್ಪು ಹೇಳಿದೆ. ಹಾಗಾಗಿ ಒತ್ತುವರಿ ಬಿಡಿಸುವ ಕೆಲಸ ದೊಡ್ಡ ಹೊಲದಿಂದ ಶುರುವಾಗಲಿ. ಬಡವನ ಎರಡೆಕರೆಗೂ ಬಡವನ ಎಮ್ಮೆಗೂ ಜಗಳ ಹಚ್ಚುವುದು ಬೇಡ.

ನೆಲ ಸಿಕ್ಕರೆ ಸಾಲದು, ಹುಲ್ಲು ಬೆಳೆಯಬೇಕು. ಮಳೆ ಬಿದ್ದ ಎಂಟೇ ದಿನಕ್ಕೆ ಚಿಗುರು ಮೇಯಿಸಿದರೆ ಬುಡ ಸಾಯುತ್ತದೆ. ಗಾಯರಾಣವನ್ನು ನಾಲ್ಕು ಪಾಲು ಮಾಡಿ. ಎರಡರಲ್ಲಿ ಸರದಿಯಂತೆ ಮೇಯಲಿ. ಮೂರನೆಯದನ್ನು ಹೂ ಬರುವ ಹೊತ್ತಿಗೆ ಕೊಯ್ದು, ಒಣಗಿಸಿ, ಬಣವಿ ಹಾಕಿ. ಆಗ ಕೊಯ್ದ ಹುಲ್ಲಿನಲ್ಲಿ ಕಸುವು ಹೆಚ್ಚು. ನಾಲ್ಕನೆಯದು ಬೀಜ ಉದುರುವ ತನಕ ಮುಚ್ಚಿರಲಿ. ಮುಂದಿನ ವರ್ಷ ಪಾಲು ಬದಲಾಗಲಿ. ಜಾಲಿಯನ್ನು ಬೇರು ಸಮೇತ ಕಿತ್ತ ಮಸಾರಿ ನೆಲದಲ್ಲಿ ಅಂಜನ ಹುಲ್ಲು, ಸ್ಟೈಲೋ ಬೀಜ ಚೆಲ್ಲಬಹುದು. ಕಡಿಮೆ ಮಳೆಗೂ ಇವು ತಾಳುತ್ತವೆ.

ಭತ್ತದ ಹುಲ್ಲಿನಲ್ಲಿ ಕಸುವಿಲ್ಲ ಅಂತಾರೆ. ಕಮ್ಮಿ, ನಿಜ. ಅದನ್ನು ಹೆಚ್ಚಿಸುವ ದಾರಿಯಿದೆ. 100 ಕೆಜಿ ಒಣ ಹುಲ್ಲಿಗೆ 4 ಕೆಜಿ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರಕ್ಕೆ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮುಚ್ಚಿ 21 ದಿನ ಇಡಬೇಕು. ತಿನ್ನಿಸುವ ಮೊದಲು ಹರಡಿ ಘಾಟು ಬಿಡಿಸಬೇಕು. ಆರು ತಿಂಗಳೊಳಗಿನ ಕರುವಿಗೆ ಕೊಡಬಾರದು. ಯೂರಿಯಾ ನೀರು ಕುಡಿದರೆ ದನ ಸಾಯುತ್ತದೆ, ಆ ಬಕೆಟ್ಟು ಕೈಗೆಟುಕದಂತಿರಲಿ. ಮೊದಲ ಸಲ ಪಶು ವೈದ್ಯರನ್ನು ಕರೆದು ಅವರ ಎದುರಿಗೇ ಮಾಡಿ.

ಬಂಧುಗಳೇ, ತಹಶೀಲ್ದಾರರ ಕಚೇರಿಗೆ ಗುಂಪಾಗಿ ಹೋಗಿ. ನಿಮ್ಮೂರ ಗಾಯರಾಣದ ಸರ್ವೆ ನಂಬರು ಕೇಳಿ, ಪಹಣಿ ತೆಗೆಸಿ, ಅಳತೆ ಮಾಡಿಸಿ. ದನ ಎಣಿಸಿದವರು ಕೇರಿಗೆ ಕಾಲಿಟ್ಟಿದ್ದರೋ ಇಲ್ಲವೋ ಗ್ರಾಮಸಭೆಯಲ್ಲಿ ಕೇಳಿ. ಸುಡುವ ಮೊದಲು ಸಿಂಧನೂರಿನ ಹುಲ್ಲನ್ನು ಕಟ್ಟಿಸಿ ಮಸ್ಕಿ, ಲಿಂಗಸುಗೂರಿನ ಮೇವು ಬ್ಯಾಂಕಿಗೆ ಸಾಗಿಸಿ ಎಂದು ಒತ್ತಾಯಿಸಿ. ಬರ ಬಿದ್ದ ಮೇಲೆ ಅಲ್ಲ, ಕೊಯ್ಲಿನ ದಿನವೇ. ಮೇವು ಹಂಚುವ ಸಮಿತಿಯಲ್ಲಿ ಕೇರಿಯ ಹೆಂಗಸರು ಇರಲೇಬೇಕು. ಹೊರೆ ಹೊತ್ತವರಿಗೇ ಹುಲ್ಲಿನ ತೂಕ ಗೊತ್ತು.

ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಮೇಲೇರುವ ದಾರಿಯುಂಟು ಎಂಬ ಅರ್ಥದ ಮಾತನ್ನು ಮಸ್ಕಿಯ ಬಂಡೆಯ ಮೇಲೆ ಅಶೋಕ ಕೆತ್ತಿಸಿ ಎರಡು ಸಾವಿರ ವರ್ಷ ದಾಟಿತು. ಆ ಬಂಡೆಯ ಸುತ್ತಲಿನ ಊರುಗಳಲ್ಲಿ ನಾವು ಕೇಳುತ್ತಿರುವುದು ಒಂದು ಹೊರೆ ಹುಲ್ಲು. ಅದನ್ನೂ ಭಿಕ್ಷೆಯಾಗಿ ಕೇಳುವುದಿಲ್ಲ, ಪಾಲಾಗಿ ಕೇಳುತ್ತೇವೆ.