ದಶರಥನ ಸೇನೆ

ಪ್ರವೇಶದ ದಿನಗಳಲ್ಲಿ ನನ್ನ ಮೇಜಿನೆದುರು ಕುಳಿತ ಹುಡುಗನನ್ನು "ಏನು ಓದಬೇಕೆಂದಿದ್ದೀಯಪ್ಪಾ?" ಎಂದು ಕೇಳಿದರೆ, ಉತ್ತರ ಬರುವುದು ಪಕ್ಕದ ಕುರ್ಚಿಯಿಂದ. ಅರ್ಜಿಯ ಅಕ್ಷರವೂ ತಂದೆಯದೇ. ಹುಡುಗನ ಪಾಲಿಗೆ ಉಳಿದಿರುವುದು ರುಜು ಒಂದೇ.

ಇದೇನೂ ಹೊಸ ವ್ಯಾಧಿಯಲ್ಲ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರನು ಯಾಗರಕ್ಷಣೆಗೆ ರಾಮನನ್ನು ಬೇಡಿದಾಗ, ಮಗನಿಗೆ ಇನ್ನೂ ೧೬ ತುಂಬಿಲ್ಲ, ಅಕ್ಷೌಹಿಣಿ ಸೇನೆಯೊಡನೆ ತಾನೇ ಬಂದು ಕಾದುವೆನೆಂದು ದಶರಥನು ಅಂಗಲಾಚುತ್ತಾನೆ. ವಸಿಷ್ಠನು ಬುದ್ಧಿ ಹೇಳಿದ ಮೇಲೆಯೇ ರಾಮನು ಅಯೋಧ್ಯೆಯ ಹೊಸ್ತಿಲು ದಾಟಿದ್ದು. ಬಲಾ, ಅತಿಬಲಾ ವಿದ್ಯೆಗಳು ಅವನಿಗೆ ದೊರೆತದ್ದು ಸರಯೂ ತೀರದ ದಾರಿಯಲ್ಲಿ, ಅರಮನೆಯಲ್ಲಲ್ಲ. ಮಕ್ಕಳನ್ನು ತಬ್ಬಲಿಗಳಂತೆ ಬಿಟ್ಟುಬಿಡಿರೆಂದು ನಾನು ಹೇಳುತ್ತಿಲ್ಲ. ರಾಮನೊಡನೆ ಗುರುವಿದ್ದ, ತಮ್ಮನಿದ್ದ. ತಾಟಕಿಯ ಎದುರು ಬಿಲ್ಲನ್ನು ಹೆದೆಯೇರಿಸಿದವನು ಮಾತ್ರ ರಾಮನೇ.

ತರಗತಿಯಲ್ಲಿ ಇದನ್ನು ಸೊಗಸಾಗಿ ವಿವರಿಸುವ ನಾನು ಮನೆಯಲ್ಲಿ ಮಾಡಿದ್ದೇನು? ಹೋದ ವರ್ಷ ಮಗಳ ಭಾಷಣಸ್ಪರ್ಧೆಗೆ ಭಾಷಣವನ್ನು ನಾನೇ ಬರೆದುಕೊಟ್ಟೆ. ಬಹುಮಾನ ಬಂದಿತು. ಆಕೆ ಆ ಪುಸ್ತಕವನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಇದು ನಿಮ್ಮದು, ಅಪ್ಪಾ" ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ; ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಈ ವರ್ಷ ತಾನೇ ಬರೆದಳು. ಬರೆದುದು ಒಂದು ರಾತ್ರಿ ಮೇಜಿನ ಮೇಲೆ ತೆರೆದೇ ಇತ್ತು. ಎರಡು ಕಡೆ ಅರಿಸಮಾಸ ಕಣ್ಣಿಗೆ ಬಿದ್ದಿತು. ಕನ್ನಡ ಮೇಷ್ಟರ ಕೈ ತಾನಾಗಿ ಲೇಖನಿಯತ್ತ ಹೋಯಿತು. ಕೇಳಿದರೆ ಹೇಳೋಣವೆಂದು ಹಿಂದೆಳೆದುಕೊಂಡೆ.

ಆಕೆ ಕೇಳಲಿಲ್ಲ.