ಸಂದೇಶದ ತಲೆಬರಹದಲ್ಲಿ ಕನ್ನಡ ಕೆಡುವುದೇಕೆ?

ವಿಷಯದ ಸಾಲಿನಲ್ಲಿ ‘ಗೋವಿನಕೋವಿ’ ಎಂದು ಬರೆದು ಸಂದೇಶ ಕಳಿಸುತ್ತೇವೆ. ಕೆಲವೊಮ್ಮೆ ಆಚೆಯವರಿಗೆ ಒಳಗಿನ ಬರಹ ಸರಿಯಾಗಿ ಕಂಡು, ಊರ ಹೆಸರು ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿ, ಪ್ರಶ್ನಾರ್ಥಕ ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ‘ಅವರಲ್ಲಿ ಕನ್ನಡ ಫಾಂಟ್ ಇಲ್ಲ’ ಎಂದುಬಿಡುತ್ತೇವೆ. ಫಾಂಟ್ ಇಲ್ಲದಿದ್ದರೆ ಒಳಗಿನ ಬರಹವೂ ಕಾಣಬಾರದಿತ್ತಲ್ಲವೇ?

ಹೆಡರ್ ಎಂಬ ಲಕೋಟೆ

ಸಂದೇಶ ಯಾರದು, ಯಾವಾಗಿನದು, ಯಾವುದಕ್ಕೆ ಉತ್ತರ ಎಂಬುದನ್ನೆಲ್ಲ ಹೇಳುವ ಮೇಲಿನ ಸಾಲುಗಳೇ ಹೆಡರ್. ಪ್ರತಿ ಸಂದೇಶಕ್ಕೂ ಬೇರೆಲ್ಲೂ ಇಲ್ಲದ ಒಂದು ಗುರುತು ಇರುತ್ತದೆ. ಉತ್ತರಗಳು ಸರಪಳಿಯಂತೆ ಜೋಡಣೆಯಾಗುವುದು ಅದರಿಂದಲೇ. ಮಿಂಚಂಚೆಗೆ 1982ರ ಆರ್‌ಎಫ್‌ಸಿ 822, ಯೂಸ್‌ನೆಟ್ ಚರ್ಚಾಗುಂಪುಗಳಿಗೆ 1987ರ ಆರ್‌ಎಫ್‌ಸಿ 1036 ಈ ನಿಯಮಗಳನ್ನು ಬರೆದವು. ಹೆಡರ್‌ಗೆ ಆಗ ಸಿಕ್ಕಿದ್ದು 128 ಸಂಕೇತಗಳ ಆಸ್ಕಿ ಮಾತ್ರ. ಅದರಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. ಯೂಸ್‌ನೆಟ್‌ನಲ್ಲಿ ಕರ್ನಾಟಕದ್ದೇ ಒಂದು ಗುಂಪಿತ್ತು. ಅಲ್ಲಿ ಕನ್ನಡ ರೋಮನ್ ಲಿಪಿಯ ವೇಷ ತೊಡಬೇಕಿತ್ತು.

ಹಾಗಾದರೆ ಈಗ ಹೇಗೆ?

1996ರ ಆರ್‌ಎಫ್‌ಸಿ 2047 ಹೇಳುವ ಉಪಾಯ ಇದು: ಕನ್ನಡವನ್ನು ಆಸ್ಕಿಯಲ್ಲಿ ಮುಚ್ಚಿ ಕಳಿಸಿ, ಓದುವ ತಂತ್ರಾಂಶ ಬಿಚ್ಚಲಿ. ‘ಗೋವಿನಕೋವಿ’ಯಲ್ಲಿ 9 ಯೂನಿಕೋಡ್ ಸಂಕೇತಗಳಿವೆ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 27. ಬೇಸ್64 ಆದಾಗ 36 ಅಕ್ಷರ. ಮುಂದೆ, ಹಿಂದೆ ಗುರುತು ಸೇರಿ 48. ಇಂಥ ಒಂದು ತುಂಡು 75 ಅಕ್ಷರ ಮೀರುವಂತಿಲ್ಲ. ಹಾಗಾಗಿ ಉದ್ದ ಶೀರ್ಷಿಕೆಯನ್ನು ತುಂಡು ಮಾಡಬೇಕು. ಒಂದು ಅಕ್ಷರದ ಬೈಟ್‌ಗಳ ನಡುವೆ ಕತ್ತರಿಸಿದರೆ ಆ ಅಕ್ಷರ ಕೆಡುತ್ತದೆ. ತಂತ್ರಾಂಶ ಬಿಚ್ಚದೇ ಹೋದರೆ ಕಾಣುವುದು ಬರೀ ಕಟ್ಟು.

ನೇರವಾಗಿ ಕಳಿಸಬಾರದೇ?

ಯೂಸ್‌ನೆಟ್ ನಿಯಮಗಳ ಪರಿಷ್ಕರಣೆಯಲ್ಲೂ ಈ ಪ್ರಶ್ನೆ ಬಂದಿತ್ತು. ಹೊಸತನ್ನು ಅರಿಯದ ಹಳೆಯ ಸರ್ವರ್‌ಗಳು ಸಂದೇಶವನ್ನೇ ಕೆಡಿಸಬಹುದೆಂಬ ಅಂಜಿಕೆ ಸುಳ್ಳಲ್ಲ. 2009ರ ಆರ್‌ಎಫ್‌ಸಿ 5536 ಮುಚ್ಚಿ ಕಳಿಸುವ ಪದ್ಧತಿಯನ್ನೇ ಉಳಿಸಿಕೊಂಡಿತು. ಮಿಂಚಂಚೆ ಹೆಡರ್‌ನಲ್ಲಿ ಯುಟಿಎಫ್-8ಕ್ಕೆ ನೇರ ಪ್ರವೇಶ ಕೊಟ್ಟದ್ದು 2012ರ ಆರ್‌ಎಫ್‌ಸಿ 6532. ಆದರೆ ದಾರಿಯುದ್ದಕ್ಕೂ ಇರುವ ಸರ್ವರ್‌ಗಳು ಅದನ್ನು ಒಪ್ಪಬೇಕು.

ಈ ನಿಯಮಗಳನ್ನು ರೂಪಿಸುವ ಐಇಟಿಎಫ್‌ಗೆ ಸದಸ್ಯತ್ವ ಶುಲ್ಕವಿಲ್ಲ, ಅಲ್ಲಿ ಮತದಾನವೂ ಇಲ್ಲ. ಮಿಂಚಂಚೆ ಇದ್ದವರು ಕರಡನ್ನು ಓದಿ ಆಕ್ಷೇಪ ಬರೆಯಬಹುದು, ಬಹುಪಾಲು ಒಮ್ಮತ ಮೂಡಿದರೆ ತೀರ್ಮಾನ. ನಮ್ಮ ಲಿಪಿಯ ತೊಡಕು ಗೊತ್ತಿರುವವರು ಕರಡಿನ ಹಂತದಲ್ಲೇ ಬಾಯಿಬಿಟ್ಟರೆ, ಮುಂದೆ ಫಾಂಟನ್ನು ಬೈಯುವ ಪ್ರಸಂಗ ಕಡಿಮೆಯಾದೀತು.