ಎರರ್ ಹೋದ್ರ ಸಾಕೇನು? (ಜಾವಾ ಜಗಳ, ಭಾಗ 4)

1/4
"ಎರರ್ ಹೋತು, ಬಿಡಲೇ!" ಲ್ಯಾಬಿನಾಗ ದಿನಾ ಕೇಳೋ ಮಾತಿದು. ಎರರ್ ಎಲ್ಲಿಗೂ ಹೋಗಿಲ್ಲ ಗೆಳೆಯರೇ. ಕಂಪೈಲರ್ ಬಾಯಿಗೆ ಬಟ್ಟೆ ತುರುಕೀರಿ, ಅಷ್ಟ.
ಲಿಸ್ಟ್<ನಂಬರ್> ಕೇಳೋ ಮೆಥಡ್‌ಗೆ ಲಿಸ್ಟ್<ಇಂಟಿಜರ್> ಕೊಟ್ರ ಜಾವಾ "ಇನ್‌ಕಂಪ್ಯಾಟಿಬಲ್ ಟೈಪ್ಸ್" ಅಂತೈತಿ. ಆಗ ಏನು ಮಾಡ್ತೀರಿ? <ಇಂಟಿಜರ್> ಅಳಿಸಿ ಬರೀ ಲಿಸ್ಟ್ ಅಂತ ಬರೀತೀರಿ. ವಾರ್ನಿಂಗ್ ಬಂದ್ರ ಮ್ಯಾಲೊಂದು @ಸಪ್ರೆಸ್‌ವಾರ್ನಿಂಗ್ಸ್ ಅಂಟಿಸ್ತೀರಿ.

2/4
"ಇಂಟಿಜರ್ ಅಂದ್ರೂ ನಂಬರೇ ಅಲ್ಲೇನು?" ಹೌದು. ಮಲ್ಲಿಗೀನೂ ಹೂವೇ. ಆದ್ರ ಜಿಐ ಟ್ಯಾಗ್ ಇರೋ ನಮ್ಮ ಹಡಗಲಿ ಮಲ್ಲಿಗೆ ಬುಟ್ಟೀನ "ಯಾವ ಹೂ ಆದ್ರೂ ಹಾಕ್ರಿ" ಅಂತ ಒಬ್ಬರ ಕೈಗೆ ಕೊಡ್ರಿ ನೋಡೋಣ. ಚೆಂಡುಹೂ ಸುರಿದು ಹೋಗ್ತಾರ. ಅವರದೇನೂ ತಪ್ಪಿಲ್ಲ!
ಹಂಗೇ ಮೆಥಡ್ 3.5 ಸೇರಿಸ್ತೈತಿ. ಅದೂ ನಂಬರೇ. ಆಮ್ಯಾಲೆ ನೀವು ಇಂಟಿಜರ್ ಅಂತ ಕಾಸ್ಟ್ ಮಾಡಿ ಹೊರಗ ತೆಗೆದಾಗ ಕ್ಲಾಸ್‌ಕಾಸ್ಟ್‌ಎಕ್ಸೆಪ್ಷನ್! ತಪ್ಪಾಗಿದ್ದು ಒಂದು ಸಾಲಿನಾಗ, ಬಿದ್ದಿದ್ದು ಇನ್ನೊಂದು ಸಾಲಿನಾಗ. ರಾತ್ರಿಯಿಡೀ ಹುಡುಕ್ರಿ.

3/4
2004ರಾಗ ಜಾವಾ 5ರ ಜೊತೆ ಜನರಿಕ್ಸ್ ಬಂತು. ಹಳೇ ಕೋಡ್ ಕೆಡಬಾರದು ಅಂತ, ಕಂಪೈಲ್ ಆದಮ್ಯಾಲೆ < > ಒಳಗಿನ ಟೈಪ್ ಅಳಿಸಿಹೋಗೋ ಹಂಗ ಮಾಡಿದ್ರು. ಇದೇ ಟೈಪ್ ಇರೇಷರ್. ಅರೇ ಒಳಗ ತಪ್ಪು ಟೈಪ್ ಹಾಕಿದ್ರ, ಪ್ರೋಗ್ರಾಮ್ ಓಡೋವಾಗ ಹಾಕಿದ ಜಾಗದಾಗೇ ಅರೇಸ್ಟೋರ್‌ಎಕ್ಸೆಪ್ಷನ್ ಬರ್ತೈತಿ. ಲಿಸ್ಟ್‌ಗೆ ಆ ಕಾವಲೂ ಇಲ್ಲ. ಇರೋನು ಕಂಪೈಲರ್ ಒಬ್ಬನೇ. ಅವನನ್ನೂ ಮಲಗಿಸಿದ್ರ ಬುಟ್ಟಿ ಕಾಯೋರ್ಯಾರು?

4/4
ಸರಿ ದಾರಿ ಉದ್ದ ಏನಿಲ್ಲ.
👉 ಮೆಥಡ್ ಬರೀ ಓದೋದಾದ್ರ: ಲಿಸ್ಟ್<? ಎಕ್ಸ್‌ಟೆಂಡ್ಸ್ ನಂಬರ್>
👉 ಇಂಟಿಜರ್ ಹಾಕೋದಷ್ಟೇ ಆದ್ರ: ಲಿಸ್ಟ್<? ಸೂಪರ್ ಇಂಟಿಜರ್>
👉 3.5ನೂ ಹಾಕಬೇಕಾ? ಮೊದಲಿಂದಲೇ ಲಿಸ್ಟ್<ನಂಬರ್> ಮಾಡ್ರಿ.

"ಕನ್ನಡ ಮೀಡಿಯಂ ಹುಡುಗರಿಗೆ ಈ ಎರರ್ ತಿಳಿಯಂಗಿಲ್ಲ, ಕಾಪಿ ಹೊಡೆದು ಮುಂದ ಹೋಗ್ರಿ" ಅನ್ನೋ ಮಾತನ್ನ ನಂಬಬ್ಯಾಡ್ರಿ. ಆ ಎರರ್‌ನಾಗ ಇರೋದು ಮೂರೇ ಸಂಗತಿ: ಯಾವ ಸಾಲು, ಏನು ಕೊಟ್ರಿ, ಏನು ಬೇಕಿತ್ತು. ಹೊಳಲಿನ ಕಿರಾಣಿ ಅಂಗಡಿ ಚೀಟಿ ಓದೋರಿಗೆ ಇದು ಓದಾಕ ಬರಂಗಿಲ್ಲೇನು? ಕಾಪಿ ಹೊಡೆದ್ರ ಲ್ಯಾಬ್ ಮಾರ್ಕ್ಸ್ ಬರ್ತಾವ. ಇಂಟರ್‌ವ್ಯೂನಾಗ "ಯಾಕ ಹಿಂಗ ಬರೆದಿ?" ಅಂದ್ರ ಉತ್ತರ ಬರಂಗಿಲ್ಲ.

ನಿಮ್ಮ ಪ್ರಾಜೆಕ್ಟ್‌ನಾಗ @ಸಪ್ರೆಸ್‌ವಾರ್ನಿಂಗ್ಸ್ ಎಷ್ಟು ಅದಾವ? ಎಣಿಸಿ ಕಾಮೆಂಟ್ ಹಾಕ್ರಿ. ನಾಳೆಯಿಂದ ಒಂದೊಂದಾಗಿ ಕೀಳೋಣ.

#ಹೊಳಲು #ಹಡಗಲಿಮಲ್ಲಿಗೆ #ಜಾವಾಜಗಳ #ಎರರ್‌ಓದ್ರಿ